ಮೊದಲು 15, ಆಮೇಲೆ 9

ಲ್ಯಾಬಿನಲ್ಲಿ ಏನೇ ಹ್ಯಾಂಗ್ ಆದರೂ ಎಲ್ಲರ ಬಾಯಲ್ಲೂ ಒಂದೇ ಮದ್ದು: ಕಿಲ್ -9. ಈ ಚಟ ಬಿಡಬೇಕು ಅನ್ನೋದು ನಮ್ಮ ವಾದ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕೂತು ಪ್ರಾಜೆಕ್ಟ್ ಮಾಡುವ ನಮ್ಮಂಥವರಂತೂ ಮೊದಲು ಬಿಡಬೇಕು.

ಕಿಲ್ ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ. ಅದು ಓಡುತ್ತಿರುವ ಪ್ರೋಸೆಸ್‌ಗೆ ಒಂದು ಸಿಗ್ನಲ್ ಕಳಿಸುತ್ತೆ, ಅಷ್ಟೇ. ನಂಬರ್ ಕೊಡದಿದ್ರೆ ಹೋಗೋದು 15, ಅಂದರೆ ಟರ್ಮ್. ಅಂಗಳದಲ್ಲಿ ನಿಂತು ತೋಟಕ್ಕೆ ಕೂ ಹಾಕಿದ ಹಾಗೆ: ಕೇಳಿದವರು ಕೊಯ್ದ ಅಡಿಕೆ ಕೊನೆಗಳನ್ನ ಒಂದೆಡೆ ಮಾಡಿಟ್ಟು ಬರ್ತಾರೆ. 9 ಹಾಗಲ್ಲ. ಅದು ಪ್ರೋಸೆಸ್‌ನ ಕಿವಿಗೇ ಬೀಳೋದಿಲ್ಲ, ಕರ್ನಲ್ಲೇ ನೇರವಾಗಿ ಮುಗಿಸಿಬಿಡುತ್ತೆ. ಅರ್ಧ ಬರೆದ ಫೈಲ್ ಅರ್ಧವೇ.

ಎಲೆಚುಕ್ಕೆ ರೋಗ ಗುರುತಿಸೋ ಮಾಡೆಲ್‌ಗೆ ಮನೆಯಲ್ಲಿ ತರಬೇತಿ ಕೊಡ್ತಿದ್ದೀವಿ ಅಂತಿಟ್ಕೊಳ್ಳಿ, ಆರು ತಾಸಿನ ಕೆಲಸ. ಗಾಳಿಗೆ ಲೈನ್ ಮೇಲೆ ಮರ ಬಿತ್ತು, ಕರೆಂಟು ಹೋಯ್ತು. ಬರೋದು ನಾಳೆಯೋ ನಾಡಿದ್ದೋ. ಬ್ಯಾಟರಿ ಪೂರ್ತಿ ಇಳಿದು ಯಂತ್ರ ಸತ್ತರೆ ಅದು 9ಕ್ಕಿಂತ ಕೆಟ್ಟದ್ದು. 9 ಹೊಡೆದಾಗ ಕರ್ನಲ್‌ಗೆ ಒಪ್ಪಿಸಿದ್ದ ಡೇಟಾ ಆದರೂ ಡಿಸ್ಕ್ ಸೇರುತ್ತೆ. ಇಲ್ಲಿ ಅದಕ್ಕೂ ಖಾತ್ರಿ ಇಲ್ಲ.

ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು. ತರಬೇತಿಯನ್ನ ಹಿನ್ನೆಲೆಯಲ್ಲಿ ಓಡಿಸಿ, `$!`ನಲ್ಲಿ ಸಿಗುವ ಪ್ರೋಸೆಸ್ ಸಂಖ್ಯೆ ಇಟ್ಕೊಳ್ಳಬೇಕು. (ಪಿಕಿಲ್ ಪೈಥಾನ್ ಅಂತ ಹೊಡೆಯೋದು ಬೇಡ. ಎಲ್ಲರೂ ಒಂದೇ ಲಾಗಿನ್ ಬಳಸುವ ಸರ್ವರ್‌ನಲ್ಲಿ ಪಕ್ಕದವರ ಕೆಲಸವೂ ಹೋಗುತ್ತೆ.) ಲಿನಕ್ಸ್ ಬ್ಯಾಟರಿ ಮಟ್ಟವನ್ನ ಒಂದು ಸಾದಾ ಫೈಲಿನಂತೆ ತೋರಿಸುತ್ತೆ. ನಿಮಿಷಕ್ಕೊಮ್ಮೆ ಓದಿ, ಶೇ. 20ಕ್ಕಿಂತ ಇಳಿದರೆ ಟರ್ಮ್ ಕಳಿಸೋದು. ಆಮೇಲೆ ಸೆಕೆಂಡಿಗೊಮ್ಮೆ ಕಿಲ್ -0. ಈ ಸೊನ್ನೆ ಯಾವ ಸಿಗ್ನಲ್ಲನ್ನೂ ಕಳಿಸೋದಿಲ್ಲ, "ಇನ್ನೂ ಇದ್ದೀಯಾ?" ಅಂತ ನೋಡುತ್ತೆ. 30 ಸೆಕೆಂಡ್ ಕಾದರೂ ಹೋಗದಿದ್ರೆ ಮಾತ್ರ 9. ಸಿಸ್ಟಮ್‌ಡಿ ಕೂಡ ಸರ್ವಿಸ್ ನಿಲ್ಲಿಸೋದು ಹೀಗೇ: ಟರ್ಮ್ ಕೊಟ್ಟು, ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಆಮೇಲೆ 9. ನಮಗೇನು ಅಷ್ಟು ಅವಸರ?

ಒಂದು ಕೊಕ್ಕೆ ಇದೆ. ಟರ್ಮ್ ಬಂದರೆ ಪೈಥಾನ್ ಏನನ್ನೂ ಸೇವ್ ಮಾಡದೆ ಸಾಯುತ್ತೆ. ಸಿಗ್ನಲ್ ಮಾಡ್ಯೂಲ್ ಬಳಸಿ ಹ್ಯಾಂಡ್ಲರ್ ನಾವೇ ಬರೀಬೇಕು. ಬ್ಯಾಶ್‌ನಲ್ಲಾದರೆ ಟ್ರ್ಯಾಪ್. ಅದೂ ಮುನ್ನೆಲೆಯ ಕಮಾಂಡ್ ಮುಗಿಯೋವರೆಗೆ ಕಾಯುತ್ತೆ: ಸ್ಲೀಪ್ 600 ಅಂತಿದ್ರೆ ಹತ್ತು ನಿಮಿಷ! ಸ್ಲೀಪನ್ನ ಹಿನ್ನೆಲೆಗೆ ಹಾಕಿ ವೇಟ್ ಕೊಟ್ಟರೆ ತಕ್ಷಣ ಕೇಳಿಸ್ಕೊಳ್ಳುತ್ತೆ.

ಊರಿನ ಬಸ್ಸು ಹತ್ತೋ ಮೊದಲು ಹಾಸ್ಟೆಲಿನಲ್ಲೇ ಚಾರ್ಜರ್ ಕಿತ್ತು ಒಮ್ಮೆ ಓಡಿಸಿ ನೋಡೋಣ.