ಸರ್ವರ್ ಚಿಕ್ಕದಿರಲಿ, ಮನೆಯದಿರಲಿ

ಪುಣೆಯ ನಮ್ಮ ಮನೆಯಲ್ಲಿ ಟಿವಿಯ ಹಿಂದೆ, ರೌಟರ್ ಪಕ್ಕ, ಊಟದ ಡಬ್ಬಿಯಷ್ಟಿರುವ ಒಂದು ಕರಿ ಪೆಟ್ಟಿಗೆ ಇದೆ. ಹಗಲು ರಾತ್ರಿ ಚಾಲೂ. ಧಾರವಾಡದಿಂದ ಬಂದಿದ್ದ ಅವ್ವ ಮೊದಲ ದಿನವೇ ಕೇಳಿದಳು: "ಇದನ್ನ ಇಪ್ಪತ್ನಾಕ್ ತಾಸೂ ಹಚ್ಚಿಟ್ಟಿರ್ತೀಯಲ್ಲವಾ, ಬಿಲ್ ಎಷ್ಟ್ ಬರತೈತಿ?"

ಮನೆಯಲ್ಲಿ ಮೀಡಿಯಾ ಸರ್ವರ್ ಕಟ್ಟಲು ಹೊರಟವರು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ನೋಡಿದೆ. ಸರಾಸರಿ 8 ವ್ಯಾಟ್, ತಿಂಗಳಿಗೆ ಆರು ಯೂನಿಟ್ಟಿಗೂ ಕಡಿಮೆ. ಮೊದಲು ಇದೇ ಕೆಲಸಕ್ಕೆ ಇಟ್ಟಿದ್ದ ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ತಿನ್ನುತ್ತಿತ್ತು, ಅಂದರೆ 43 ಯೂನಿಟ್. ಬೇಸಿಗೆಯಲ್ಲಿ ಅದರ ಫ್ಯಾನಿನ ಸದ್ದು ಬೇರೆ.

ಪೆಟ್ಟಿಗೆಯೊಳಗೆ ಇರುವುದು 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್, 8 ಜಿಬಿ ರ‍್ಯಾಮ್, ಒಂದು ಟೆರಾಬೈಟ್ ಎಸ್‌ಎಸ್‌ಡಿ. ಮೇಲೆ ಲಿನಕ್ಸ್, ಅದರ ಮೇಲೆ ಜೆಲ್ಲಿಫಿನ್. ಎಂಬಿ ಎಂಬ ತಂತ್ರಾಂಶ ತನ್ನ ಕೋಡ್ ಮುಚ್ಚಿಕೊಂಡಾಗ 2018ರ ಕೊನೆಯಲ್ಲಿ ಅದರಿಂದ ಕವಲೊಡೆದ ಮುಕ್ತ ತಂತ್ರಾಂಶ ಇದು, ದುಡ್ಡು ಕೊಡಬೇಕಿಲ್ಲ. ಇಷ್ಟು ಸಣ್ಣ ಚಿಪ್ ಸಾಕೇ? ಸಾಕು. ಟಿವಿಗೆ ಅರ್ಥವಾಗುವ ರೂಪದಲ್ಲೇ ಫೈಲ್ ಇದ್ದರೆ ಸರ್ವರ್ ಬರೀ ಅಂಚೆಯವನ ಕೆಲಸ ಮಾಡುತ್ತದೆ. ಆಗದಿದ್ದಾಗ ಮಾತ್ರ ದುಭಾಷಿಯಾಗಿ ನಿಂತಲ್ಲೇ ರೂಪ ಬದಲಿಸಿ ಕಳಿಸಬೇಕು. ಆ ಕೆಲಸಕ್ಕೂ ಈ ಚಿಪ್ಪಿನಲ್ಲಿ ಬೇರೆ ಭಾಗವೇ ಇದೆ.

ನಾನು ಮೊದಲು ಕೊಂಡದ್ದು ಇದಕ್ಕಿಂತ ಅಗ್ಗದ, ಅಂಗೈಯಗಲದ ಬೋರ್ಡು. ಅದರ ಯುಎಸ್‌ಬಿಗೆ ಎರಡು ಹಾರ್ಡ್ ಡಿಸ್ಕ್ ಸಿಕ್ಕಿಸಿಬಿಟ್ಟೆ. ಎರಡನ್ನೂ ತಿರುಗಿಸುವಷ್ಟು ಕರೆಂಟು ಆ ಕಿಂಡಿಯಿಂದ ಬರುವುದಿಲ್ಲ ಅನ್ನುವುದು ಸಿನಿಮಾ ಅರ್ಧಕ್ಕೆ ನಿಂತು, ಡಿಸ್ಕ್ ಟಕ್ ಟಕ್ ಅಂದಾಗ ತಿಳಿಯಿತು. ತಪ್ಪು ನನ್ನದೇ. ಆ ಡಿಸ್ಕಿನಲ್ಲಿ ಅಜ್ಜಿ ಇದ್ದಳು.

ಅಂದರೆ 2004ರಲ್ಲಿ ಮಾಮಾ ಹ್ಯಾಂಡಿಕ್ಯಾಮಿನಲ್ಲಿ ತೆಗೆದ ಒಂದು ತಾಸಿನ ವಿಡಿಯೊ. ರೊಟ್ಟಿ ಬಡಿಯುತ್ತ ಅಜ್ಜಿ ಕತೆ ಹೇಳುತ್ತಾಳೆ, ಮಧ್ಯೆ ಬೆಕ್ಕನ್ನು ಬೈಯುತ್ತಾಳೆ. ಜೊತೆಗೆ ಅವಳ ಬೀಸುವ ಹಾಡುಗಳ ಹದಿನಾಲ್ಕು ಕ್ಯಾಸೆಟ್. ಪುಣ್ಯಕ್ಕೆ ಮೂಲ ಟೇಪುಗಳು ಮಾಮಾನ ಹತ್ತಿರ ಉಳಿದಿದ್ದವು. ಅವನ್ನು ಓಡಿಸುವ ಯಂತ್ರ ಹುಡುಕಲು ಎರಡು ತಿಂಗಳು ಹಿಡಿಯಿತು.

"ಎಲ್ಲ ಓಟಿಟಿಯಲ್ಲಿ ಸಿಗುತ್ತಲ್ಲ, ನಿನಗ್ಯಾಕೆ ಈ ಉಸಾಬರಿ?" ಎಂದು ಗೆಳತಿ ಕೇಳುತ್ತಾಳೆ. ಅಜ್ಜಿ ಯಾವ ಓಟಿಟಿಯಲ್ಲೂ ಸಿಗುವುದಿಲ್ಲ. ಸಿಗುವ ಸಿನಿಮಾಗಳೂ ಪರವಾನಗಿ ಮುಗಿದ ದಿನ ಹೇಳದೆ ಕೇಳದೆ ಹೋಗುತ್ತವೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಚಿತ್ರೀಕರಣವಾದದ್ದು ಇಲ್ಲಿಗೆ ಹತ್ತಿರದ ಕೊಲ್ಲಾಪುರದಲ್ಲಿ. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಸಿನಿಮಾಕ್ಕೇ ಈ ಗತಿಯಾದರೆ, ಹೊರನಾಡಿನ ಮನೆಗಳ ಅಟ್ಟದ ಮೇಲಿರುವ ಮದುವೆ ಕ್ಯಾಸೆಟ್ಟು, ಕನ್ನಡ ಸಂಘದ ನಾಟಕದ ವಿಸಿಡಿಗಳನ್ನು ಯಾರು ಕಾಯುತ್ತಾರೆ? (ಕದ್ದ ಸಿನಿಮಾ ತುಂಬಿಸಿಕೊಳ್ಳಿ ಅನ್ನುತ್ತಿಲ್ಲ, ಅನುವಾದದ ಕೂಲಿಯಿಂದ ಬದುಕುವವಳು ಅದನ್ನು ಹೇಳುವಂತೆಯೂ ಇಲ್ಲ.)

ಯಂತ್ರದ ಕೆಲಸ ಒಂದು ಭಾನುವಾರ. ನಿಜವಾದ ಕೆಲಸ ಹೆಸರಿಡುವುದು, ಸಬ್‌ಟೈಟಲ್ ಬರೆಯುವುದು. ನನ್ನ ಗಂಡ ಮರಾಠಿಯವನು. ಅವನಿಗಾಗಿ ಅಜ್ಜಿಯ ಕತೆಗೆ ಮರಾಠಿ ಸಬ್‌ಟೈಟಲ್ ಬರೆದೆ. ಮಗಳು ಕನ್ನಡ ಓದುವುದನ್ನು ಕಲಿಯಲಿ ಎಂದು ಕನ್ನಡದ್ದೂ ಬರೆಯಲು ಕೂತೆ. ಅಜ್ಜಿ "ಹೋಗ್ಯಾಳ" ಅನ್ನುತ್ತಾಳೆ. ನಾನು "ಹೋಗಿದ್ದಾಳೆ" ಅಂತ ಬರೆಯಬೇಕೆ? ಭಾಷಾಶಾಸ್ತ್ರ ಓದಿದ ಮೇಲೂ ಕೈ ಎರಡು ಸಲ ತಡೆಯಿತು. ಅಂದದ್ದನ್ನೇ ಬರೆದೆ. ಟಿವಿಯಲ್ಲಿ ಹಾಕಿದರೆ ಸಾಲು ಸಾಲು ಚೌಕ! ಈ ಟಿವಿಗೆ ಕನ್ನಡ ಅಕ್ಷರ ತೋರಿಸಲು ಬಾರದು. ಸರ್ವರೇ ಅಕ್ಷರಗಳನ್ನು ಚಿತ್ರದ ಮೇಲೆ ಅಚ್ಚೊತ್ತಿ ಕಳಿಸಬೇಕು, ಅದಕ್ಕೆ ಸರ್ವರಿನಲ್ಲಿ ಕನ್ನಡ ಫಾಂಟ್ ಇರಬೇಕು. ಹಾಕಿದ ಮೇಲೆ ಒತ್ತಕ್ಷರವೂ ಸರಿಯಾಗಿ ಬಂತು.

ಭಾಷೆಯ ಪಟ್ಟಿಯದೂ ಒಂದು ಕತೆ. ಐಎಸ್‌ಒ 639-2 ಎಂಬ ಮೂರಕ್ಷರದ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 'ಕೆಎಎನ್' ಇದೆ. ತುಳುವಿಗೆ, ಕೊಡವಕ್ಕೆ ಸ್ವಂತ ಸಂಕೇತವಿಲ್ಲ. ಅವು 'ಇತರ ದ್ರಾವಿಡ' ಎಂಬ ಗೋಣಿಚೀಲದೊಳಗೆ. ಆಮೇಲೆ ಬಂದ 639-3 ಪಟ್ಟಿಯಲ್ಲಿ ಎರಡಕ್ಕೂ ಜಾಗವಿದೆ, ಆದರೆ ಎಲ್ಲ ತಂತ್ರಾಂಶಗಳೂ ಅಲ್ಲಿಗೆ ಬಂದಿಲ್ಲ. ನಿಮ್ಮ ಸರ್ವರಿನಲ್ಲಾದರೂ ಫೋಲ್ಡರಿಗೆ 'ತುಳು' ಎಂದು ಹೆಸರಿಡಬಹುದು. ಕೇಳುವವರಿಲ್ಲ.

ದೊಡ್ಡದು ಕಟ್ಟಬೇಡಿ. ನಾಲ್ಕು ಡಿಸ್ಕಿನ, ಸದ್ದು ಮಾಡುವ ಪೆಟ್ಟಿಗೆ ಕೊಂಡವರು ಅದನ್ನು ತುಂಬಿಸುವುದರಲ್ಲೇ ಕಳೆದುಹೋಗುವುದನ್ನು ನೋಡಿದ್ದೇನೆ. ತೊಂಬತ್ತು ನಿಮಿಷದ ಕ್ಯಾಸೆಟ್ ಸಿಡಿ ಗುಣಮಟ್ಟದಲ್ಲಿ ಒಂದು ಜಿಬಿ ಕೂಡ ಆಗುವುದಿಲ್ಲ. ಉಳಿದ ದುಡ್ಡಿನಲ್ಲಿ ಇನ್ನೊಂದು ಡಿಸ್ಕ್ ಕೊಂಡು ಎರಡನೇ ಪ್ರತಿ ಮಾಡಿ, ಬೇರೆ ಊರಿನಲ್ಲಿಡಿ. ನನ್ನದು ಧಾರವಾಡದಲ್ಲಿ, ಅವ್ವನ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿದೆ. ಅದಕ್ಕೆ ಕರೆಂಟೂ ಬೇಡ ಎಂದು ಅವ್ವನಿಗೆ ಖುಷಿ.