ಸೋಲಾರ್‌ಗೆ ಜಮೀನು ಗುತ್ತಿಗೆ ಸಿಗುತ್ತೆ, ಕುರಿ ಮಂದೆಗೆ ಯಾಕೆ ಸಿಗಲ್ಲ?

ಮಳೆಗಾಲ ಮುಗಿದು ಕೊಯ್ಲು ಶುರುವಾದ ಮೇಲೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಒಂದು ವ್ಯವಹಾರ ನಡೆಯುತ್ತೆ. ಅದಕ್ಕೆ ಕರಾರು ಪತ್ರ ಇಲ್ಲ, ರಸೀದಿ ಇಲ್ಲ, ಪಹಣಿಯಲ್ಲಿ ಸುಳಿವೂ ಇಲ್ಲ. ಕುದುರೆ ಮೇಲೆ ಸಂಸಾರ ಹೇರಿಕೊಂಡು ಬೆಳಗಾವಿ ಕಡೆಯಿಂದ ಹೊರಟ ಕುರಿಗಾಹಿಗಳು ಹೊಲದ ಮಾಲೀಕನ ಜೊತೆ ಮಾತಿಗೆ ಕೂರುತ್ತಾರೆ. ಎಷ್ಟು ಕುರಿ, ಎಷ್ಟು ದಿನ, ಎಷ್ಟು ದುಡ್ಡು ಎಂಬುದೆಲ್ಲ ಬಾಯಿಮಾತಲ್ಲೇ ತೀರ್ಮಾನ. ಮೇವಿನ ಈ ಬಾಡಿಗೆ ವ್ಯವಹಾರದ ಮೇಲೆ ನಿಂತಿರೋದು ಸಣ್ಣ ಕಸುಬೇನಲ್ಲ. 2019ರ ಜಾನುವಾರು ಗಣತಿ ಪ್ರಕಾರ ರಾಜ್ಯದಲ್ಲಿ 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ ಮುಂದು.

ಮೊದಲು ದುಡ್ಡು ಹರಿಯುತ್ತಿದ್ದ ದಿಕ್ಕೇ ಬೇರೆ. ಹೊಲದಲ್ಲಿ ನಾಲ್ಕು ರಾತ್ರಿ ಮಂದೆ ತರುಬಿಸಿದರೆ ಗೊಬ್ಬರ ಸಿಗುತ್ತೆ ಅಂತ ರೈತರೇ ಕುರಿಗಾಹಿಯನ್ನು ಕರೆದು, ಕಾಳು ಅಥವಾ ಕಾಸು ಕೊಟ್ಟು ಕಳಿಸುತ್ತಿದ್ದರು. ರಾಸಾಯನಿಕ ಗೊಬ್ಬರ ಬಂತು, ಬೋರ್‌ವೆಲ್ ಬಂತು, ವರ್ಷಕ್ಕೆ ಎರಡು ಬೆಳೆ ಬಂತು. ಬೀಳು ಬಿಡುವ ಹೊಲ ಕಡಿಮೆಯಾಯಿತು. ಈಗ ಹಲವು ಕಡೆ ಕೊಯ್ದ ಹೊಲದ ಕೂಳೆ ಮೇಯಿಸೋದಕ್ಕೂ ಕುರಿಗಾಹಿಯೇ ದುಡ್ಡು ಎಣಿಸಬೇಕು. ರೈತ ದುಡ್ಡು ಕೇಳೋದು ತಪ್ಪೇನಲ್ಲ, ಮೇವು ಅವನ ಹೊಲದ್ದು. ಆದರೆ ದುಡ್ಡು ಕೊಟ್ಟವನ ಕೈಯಲ್ಲಿ ಒಂದು ಚೀಟಿಯೂ ಇಲ್ಲ ಅನ್ನೋದೇ ಸಮಸ್ಯೆ. ಪಕ್ಕದ ಹೊಲದವನು ಜಗಳ ತೆಗೆದರೆ, ಪೊಲೀಸರು ಬಂದು ಕೇಳಿದರೆ, ತಾನು ಅತಿಕ್ರಮಣ ಮಾಡಿಲ್ಲ ಅಂತ ತೋರಿಸೋಕೆ ಅವನ ಬಳಿ ಏನಿದೆ?

ಚೀಟಿ ಯಾಕಿಲ್ಲ?

ಉತ್ತರ ನಮ್ಮ ಭೂ ಕಾನೂನಿನಲ್ಲೇ ಇದೆ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್, ಕೆಲವು ವಿನಾಯಿತಿ ಬಿಟ್ಟರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸುತ್ತೆ. ಈ ನಿಷೇಧದ ಹಿಂದೆ ದೊಡ್ಡ ಇತಿಹಾಸವಿದೆ. ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಅಲ್ಲಿಂದ ಉಳುವವರ ಹೆಸರಿಗೆ ಹೋಯಿತು. ಲಕ್ಷಾಂತರ ಕುಟುಂಬಗಳಿಗೆ ಅದು ಬಿಡುಗಡೆ. ಅದೇ ಹೊತ್ತಿಗೆ ‘ಬರೆದುಕೊಟ್ಟರೆ ಜಮೀನು ಹೋಗುತ್ತೆ’ ಅನ್ನೋ ಭಯವೂ ಊರೂರಲ್ಲಿ ಬೇರುಬಿಟ್ಟಿತು. ಎರಡೆಕರೆ ಇರೋ ರೈತನೂ ಇವತ್ತು ಬರವಣಿಗೆ ಅಂದ್ರೆ ಹಿಂಜರಿಯೋದು ಇದಕ್ಕೇ.

ಸರಿ, ಖಾಸಗಿ ಹೊಲ ಬೇಡ, ಗೋಮಾಳ ಇದೆಯಲ್ಲ ಅಂತೀರಾ? 1964ರ ಭೂ ಕಂದಾಯ ಕಾಯ್ದೆಯಡಿ ಗೋಮಾಳದ ಉಚಿತ ಮೇವಿನ ಹಕ್ಕಿರೋದು ಆಯಾ ಊರಿನ ಜಾನುವಾರುಗಳಿಗೆ ಮಾತ್ರ. 100 ಜಾನುವಾರಿಗೆ 30 ಎಕರೆ ಅನ್ನೋ ಲೆಕ್ಕವೂ ಊರಿನ ದನಕರುಗಳದ್ದೇ. ಊರಿಂದೂರಿಗೆ ನಡೆಯೋ ಮಂದೆ ಯಾವ ಊರಿನ ಲೆಕ್ಕಕ್ಕೂ ಸಿಗಲ್ಲ. ಆ ಗೋಮಾಳವಾದರೂ ಎಷ್ಟು ಉಳಿದಿದೆ? ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಅಮೃತಮಹಲ್ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಸಾಕಿ ಕಂಬಳಿ ನೇಯುತ್ತಿದ್ದ ಊರುಗಳ ಮುಂದೆ ಗೋಡೆ ಎದ್ದಿತು. ಇನ್ನು ಕಾಡು? 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಷಪ್ರಾಶನದಿಂದ ಐದು ಹುಲಿ ಸತ್ತ ಮೇಲೆ, ಕಾಡಿನಲ್ಲಿ ಮೇಯಿಸೋದನ್ನೇ ನಿಲ್ಲಿಸಿ ಅಂತ ಅರಣ್ಯ ಸಚಿವರು ಸೂಚನೆ ಕೊಟ್ಟರು.

ಮನಸ್ಸಿದ್ದರೆ ದಾರಿ

ಈಗ ಪಾವಗಡದ ಕಡೆ ನೋಡಿ. ಅಲ್ಲಿನ ಸೋಲಾರ್ ಪಾರ್ಕ್‌ಗೆ ಸುಮಾರು 13,000 ಎಕರೆ ಜಮೀನನ್ನು ಸರ್ಕಾರಿ ಸಂಸ್ಥೆಯೇ ರೈತರಿಂದ ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಬರದ ನಾಡಿನ ಜಮೀನುದಾರರಿಗೆ ಖಾತ್ರಿ ಆದಾಯ ಬಂತು, ಒಳ್ಳೇದೇ. ಆದರೆ ಬೇಲಿಯೊಳಗೆ ಹೋದ ಆ ಬಯಲಿನಲ್ಲಿ ಮೇಯುತ್ತಿದ್ದ ಕುರಿಗಳಿಗೆ, ಜಮೀನಿಲ್ಲದ ಅವುಗಳ ಒಡೆಯರಿಗೆ ಯಾರೂ ಬಾಡಿಗೆ ಕೊಡಲಿಲ್ಲ. ಅಂದ್ರೆ ಸರ್ಕಾರಕ್ಕೆ ಬೇಕು ಅನ್ನಿಸಿದಾಗ ಗುತ್ತಿಗೆಗೆ ದಾರಿ ಸಿಗುತ್ತೆ. ಎಂಟು ದಿನ ಕೂಳೆ ಮೇಯಿಸೋಕೆ ಮಾತ್ರ ಒಂದು ಕಾಗದದ ವ್ಯವಸ್ಥೆಯೂ ಇಲ್ಲ.

2025ರಲ್ಲಿ ವಿಧಾನಮಂಡಲ ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣಕ್ಕೆ, ಅವರ ಮೇಲಿನ ದೌರ್ಜನ್ಯ ತಡೆಗೆ ಮಸೂದೆ ಅಂಗೀಕರಿಸಿತು. ಸ್ವಾಗತಾರ್ಹ ಹೆಜ್ಜೆ. ಆದರೆ ಹೊಡೆದವನಿಗೆ ಶಿಕ್ಷೆ ಕೊಡೋದು ಜಗಳ ಆದ ಮೇಲಿನ ಮಾತು. ಜಗಳ ಹುಟ್ಟೋದೇ ಮೇವಿನ ವಿಷಯದಲ್ಲಿ.

ಹಾಗಂತ ಗೇಣಿ ನಿಷೇಧವನ್ನೇ ಪೂರ್ತಿ ಕಿತ್ತುಹಾಕಿ ಅನ್ನೋದು ಅಪಾಯದ ಮಾತು. ಕೃಷಿ ಭೂಮಿ ಕೊಳ್ಳೋದಕ್ಕಿದ್ದ ನಿರ್ಬಂಧಗಳನ್ನು 2020ರಲ್ಲಿ ಸಡಿಲಿಸಿದಾಗ ದುಡ್ಡಿದ್ದವರಿಗೆ ಬಾಗಿಲು ತೆರೆಯಿತು. ಗುತ್ತಿಗೆಯೂ ಹಾಗೇ ಮುಕ್ತವಾದರೆ ಕಂಪನಿಗಳ ಜೊತೆ ಪೈಪೋಟಿಗಿಳಿಯೋ ಶಕ್ತಿ ಕುರಿಗಾಹಿಗೆಲ್ಲಿದೆ?

ಬೇಕಿರೋದು ಅದಕ್ಕಿಂತ ಚಿಕ್ಕದು. ಗ್ರಾಮ ಪಂಚಾಯಿತಿಯಲ್ಲಿ ದಾಖಲಾಗುವ ಒಂದು ಮೇವಿನ ಅನುಮತಿ ಚೀಟಿ. ಯಾವ ಸರ್ವೆ ನಂಬರ್, ಎಷ್ಟು ದಿನ, ಎಷ್ಟು ಕುರಿ, ಎಷ್ಟು ಹಣ, ಬೆಳೆ ಹಾನಿಯಾದರೆ ಯಾರು ಹೊಣೆ ಅಷ್ಟೇ. ಇದು ಗೇಣಿಯಲ್ಲ, ಇದರಿಂದ ಜಮೀನಿನ ಮೇಲೆ ಯಾವ ಹಕ್ಕೂ ಹುಟ್ಟಲ್ಲ ಅಂತ ಕಾನೂನಿನಲ್ಲೇ ಬರೆದುಬಿಟ್ಟರೆ ರೈತನ ಭಯವೂ ಹೋಗುತ್ತೆ, ಕುರಿಗಾಹಿಗೆ ಪುರಾವೆಯೂ ಸಿಗುತ್ತೆ. ಜೊತೆಗೆ ವಲಸೆ ದಾರಿಯಲ್ಲಿರೋ ಗೋಮಾಳಗಳಲ್ಲಿ ಹಾದುಹೋಗುವ ಮಂದೆಗೂ ಕೆಲವು ದಿನದ ಹಕ್ಕು ಕೊಡಬೇಕು. ಹಳ್ಳಿಯ ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಗೋಮಾಳ ಉಳಿಸೋಕೆ ಹೊಸ ಆದೇಶವೇ ಬೇಕಾಗಿಲ್ಲ.

ಮುಂದಿನ ಸಲ ನಿಮ್ಮೂರ ಗ್ರಾಮಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ನಮ್ಮೂರ ಗೋಮಾಳ ದಾಖಲೆಯಲ್ಲಿ ಎಷ್ಟು ಎಕರೆ ಇದೆ, ನೆಲದ ಮೇಲೆ ಎಷ್ಟಿದೆ?