ಶ್ರೀರಂಗಪಟ್ಟಣದಿಂದ ಕೊಳ್ಳೇಗಾಲದವರೆಗೆ

ಎರಡು ದಿನಗಳ ರಜೆ ದೊರೆತೊಡನೆ ಬೆಂಗಳೂರಿನ ಸಂಸಾರಗಳು ಮೈಸೂರಿನ ಕಡೆಗೆ ಮುಖಮಾಡುವುದು ಬಹುಕಾಲದಿಂದ ನಡೆದು ಬಂದಿರುವ ರೂಢಿ. 2023ರಲ್ಲಿ ಈ ಎರಡು ನಗರಗಳ ನಡುವಣ ಹೊಸ ಹೆದ್ದಾರಿಯು ತೆರೆದ ಮೇಲಂತೂ ಪಯಣವು ಇನ್ನಷ್ಟು ಸುಲಭವಾಗಿದೆ. ಬಂದವರು ಅರಮನೆಯನ್ನು ನೋಡುತ್ತಾರೆ, ಚಾಮುಂಡಿಬೆಟ್ಟವನ್ನು ಹತ್ತಿ ಇಳಿಯುತ್ತಾರೆ. ಮಕ್ಕಳ ಸಲುವಾಗಿ ಮೃಗಾಲಯ, ಸಂಜೆಯ ಹೊತ್ತಿಗೆ ಬೃಂದಾವನ. ಇಷ್ಟು ಮುಗಿದ ಮೇಲೆ ಶ್ರೀರಂಗಪಟ್ಟಣದ ಪಾಲಿಗೆ ಉಳಿಯುವುದು ಹಿಂತಿರುಗುವ ದಾರಿಯಲ್ಲಿನ ಅರ್ಧ ಗಂಟೆ ಮಾತ್ರ. ರಂಗನಾಥನ ದರ್ಶನ, ಗುಂಬಜಿನ ಮುಂದೆ ಒಂದು ಛಾಯಾಚಿತ್ರ, ಅಲ್ಲಿಗೆ ಚರಿತ್ರೆಯು ಮುಗಿಯಿತು. ಕನ್ನಡ ನಾಡಿನ ಭವಿತವ್ಯವನ್ನೇ ತಿರುಗಿಸಿದ ರಣಭೂಮಿಯೊಂದಕ್ಕೆ ನಾವು ಸಲ್ಲಿಸುವ ಮರ್ಯಾದೆಯು ಇಷ್ಟೇ ಎಂಬುದು ವಿಷಾದದ ಸಂಗತಿ.

ಎರಡು ದಿನಗಳಲ್ಲಿ ಒಂದು ಪೂರ್ಣ ದಿನವನ್ನು ಈ ಯುದ್ಧಸ್ಥಾನಗಳಿಗೆ ಮೀಸಲಿಡಬೇಕೆಂದು ನಾವು ವಾಚಕರಿಗೆ ಸೂಚಿಸುತ್ತೇವೆ. ಆದರೆ ನಮ್ಮ ಸೂಚನೆಯು ಕೋಟೆಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಶ್ರೀರಂಗಪಟ್ಟಣವನ್ನು ನೋಡಿದವರು ಮಧ್ಯಾಹ್ನ ಕಾವೇರಿಯ ಜೊತೆಯಲ್ಲೇ ಕೆಳಗಿಳಿದು ಕೊಳ್ಳೇಗಾಲವನ್ನೂ ಯಳಂದೂರನ್ನೂ ನೋಡಬೇಕು. ಯುದ್ಧವು ಕೋಟೆಯಲ್ಲಿ ನಡೆಯಿತು. ಅದರ ಫಲವನ್ನು ಉಂಡವರು ಈ ಊರುಗಳವರು. ಮೊದಲನೆಯದನ್ನು ನೋಡಿ ಎರಡನೆಯದನ್ನು ಬಿಡುವುದೆಂದರೆ ನಾಟಕದ ಮೊದಲ ಅಂಕವನ್ನು ನೋಡಿ ಎದ್ದುಬಂದಂತೆ.

ಶ್ರೀರಂಗಪಟ್ಟಣವನ್ನು ನೋಡುವುದಕ್ಕೂ ಒಂದು ಕ್ರಮವಿದೆ. ದರಿಯಾ ದೌಲತ್ ಅರಮನೆಯಿಂದ ಪ್ರಾರಂಭಿಸುವುದು ಮೇಲು. 1784ರಲ್ಲಿ ಕಟ್ಟಿದ ಈ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ದೊಡ್ಡ ಚಿತ್ರವಿದೆ. ಹೈದರನ ದಂಡು ಕುಂಪಣಿಯ ಕರ್ನಲ್ ಬೇಯ್ಲಿಯ ಪಡೆಯನ್ನು ಸುತ್ತಿ ಮುರಿದ ದಿನವದು. ಗೆದ್ದವರು ಹೇಗೆ ತಮ್ಮನ್ನು ಕಂಡುಕೊಂಡರು ಎಂಬುದು ಆ ಗೋಡೆಯಲ್ಲಿ ಕಾಣುತ್ತದೆ. ಅಲ್ಲಿಂದ ಕೋಟೆಯ ಪಶ್ಚಿಮದ ಮೂಲೆಗೆ ಬಂದರೆ ಗೆಲುವು ಕೈ ಬದಲಾಯಿಸಿದ ಜಾಗ ಸಿಗುತ್ತದೆ. ಕುಂಪಣಿಯ ತೋಪುಗಳು ಗೋಡೆಯನ್ನೊಡೆದು ದಾರಿ ಮಾಡಿಕೊಂಡದ್ದು ಇಲ್ಲಿಯೇ. ಇಲ್ಲಿ ಮೈಸೂರು ಸರಕಾರದವರು 1907ರಲ್ಲಿ ನಿಲ್ಲಿಸಿದ ಕಲ್ಲಿನ ಸ್ತಂಭವು ಲಗ್ಗೆ ಹತ್ತಿದವರ ಕಡೆಯಲ್ಲಿ ಮಡಿದವರ ಸ್ಮಾರಕ. ಪರರ ಪ್ರಾಬಲ್ಯದ ಕಾಲದಲ್ಲಿ ಎದ್ದ ಕಲ್ಲು ಅದು. ಅದನ್ನು ಕೀಳಬೇಕೆಂದು ನಾವು ಹೇಳುವವರಲ್ಲ. ಆದರೆ ಅದರ ಮುಂದೆ ನಿಂತಾಗ ಗೋಡೆಯ ಒಳಮಗ್ಗುಲಲ್ಲಿ ಬಿದ್ದ ಸಾವಿರಾರು ಸಿಪಾಯಿಗಳಲ್ಲಿ ಎಷ್ಟು ಮಂದಿಯ ಹೆಸರನ್ನು ನಾವು ಬಲ್ಲೆವು ಎಂಬ ಪ್ರಶ್ನೆಯು ಮನಸ್ಸಿಗೆ ಬಾರದೆ ಇರದು. ಸುಲ್ತಾನನ ಶವವು ದೊರೆತ ಸ್ಥಳವೂ, ಅವನೂ ಅವನ ತಂದೆತಾಯಿಗಳೂ ಮಲಗಿರುವ ಗುಂಬಜೂ ಎಲ್ಲರೂ ಬಲ್ಲವಾದುದರಿಂದ ಅವುಗಳ ವಿಷಯವಾಗಿ ನಾವು ವಿಸ್ತರಿಸಬೇಕಾಗಿಲ್ಲ.

ಋತುವಿನ ವಿಚಾರದಲ್ಲಿ ಮಾತ್ರ ಎರಡು ಮಾತು ಹೇಳಲೇಬೇಕು. ಕೋಟೆಯು ಬಿದ್ದುದು 1799ನೆಯ ಮೇ 4ರಂದು, ನಡುಹಗಲಿನಲ್ಲಿ. ಮೇ ತಿಂಗಳಲ್ಲಿ ಏಕೆ? ಮುಂಗಾರು ಮಳೆಯು ಕೊಡಗಿನ ಮೇಲೆ ಸುರಿದು ಕಾವೇರಿಯು ತುಂಬಿದರೆ ದ್ವೀಪದ ಕೋಟೆಯನ್ನು ಹೊರಗಿನಿಂದ ಮುಟ್ಟುವಂತಿಲ್ಲ. ಜನರಲ್ ಹ್ಯಾರಿಸನಿಗೆ ಇದ್ದ ಕಾಲಾವಕಾಶವು ಆ ಮಳೆ ಬರುವವರೆಗೆ ಮಾತ್ರ. 1791ರಲ್ಲಿ ಕಾರ್ನ್‌ವಾಲಿಸನು ಇದೇ ಕೋಟೆಯ ಎದುರಿಗೆ ಬಂದು, ಅರಕೆರೆಯ ಬಳಿ ಮೇ 15ರಂದು ಕಾದಾಡಿ ಗೆದ್ದನೆನಿಸಿಕೊಂಡರೂ, ಎತ್ತುಗಳು ಸತ್ತು ಅನ್ನ ಮೇವುಗಳು ತೀರಿ, ತನ್ನ ದೊಡ್ಡ ತೋಪುಗಳನ್ನು ತಾನೇ ನಾಶಪಡಿಸಿ ಹಿಂದೆ ಸರಿಯಬೇಕಾಯಿತು. ಮರು ವರ್ಷ ಅವನು ಫೆಬ್ರವರಿಯಲ್ಲಿಯೇ ಬಂದನು. ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಿಕೊಂಡು, ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದನು. ಆದುದರಿಂದ ನದಿಯನ್ನು ಅರಿಯದವನು ಈ ಯುದ್ಧವನ್ನು ಅರಿಯನು. ಆಗಸ್ಟಿನಲ್ಲಿ ಬಂದು ತುಂಬುಹೊಳೆಯನ್ನು ನೋಡಿದವರಿಗೆ ಸೈನಿಕರು ಇದನ್ನು ಹೇಗೆ ದಾಟಿದರೆಂಬುದೇ ತಿಳಿಯದು. ಬೇಸಗೆಯಲ್ಲಿ ಬನ್ನಿರಿ, ಬಂಡೆಗಳು ಎದ್ದು ಕಾಣುವ ಹೊಳೆಯ ಪಾತ್ರವೇ ಎಲ್ಲವನ್ನೂ ಹೇಳುತ್ತದೆ. (ಇಂದು ಮೇಲ್ಗಡೆಯಲ್ಲಿ ಕನ್ನಂಬಾಡಿಯ ಕಟ್ಟೆಯಿರುವುದರಿಂದ ನೀರಿನ ಏರಿಳಿತವು ಆಕಾಶದ ಮರ್ಜಿಗಿಂತ ಇಂಜಿನಿಯರರ ಮರ್ಜಿಯನ್ನು ಹೆಚ್ಚಾಗಿ ಅನುಸರಿಸುತ್ತದೆ ಎಂಬುದನ್ನು ಮರೆಯಬಾರದು.)

ಹನ್ನೊಂದು ಗಂಟೆಯ ಸುಮಾರಿಗೆ ಪಟ್ಟಣವನ್ನು ಬಿಟ್ಟು ಅರಕೆರೆ, ಬನ್ನೂರುಗಳ ಮೇಲೆ ಸೋಸಲೆಗೆ ಬರಬಹುದು. ವ್ಯಾಸರಾಯರ ಮಠದಿಂದ ಪ್ರಸಿದ್ಧವಾದ ಊರು ಇದು. ಮಠಕ್ಕೆ ಬರುವವರಿಗೂ ಸಾಮಾನ್ಯವಾಗಿ ತಿಳಿಯದ ಒಂದು ಸಂಗತಿಯು ಇಲ್ಲಿ ನಡೆದಿದೆ. 1799ನೆಯ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಸುಲ್ತಾನನಿಗೂ ಹ್ಯಾರಿಸನಿಗೂ ಕಾಳಗವಾಯಿತು. ಅನಂತರ ಕುಂಪಣಿಯ ದಂಡು ಕಾರ್ನ್‌ವಾಲಿಸನು ಹಿಡಿದಿದ್ದ ಅರಕೆರೆಯ ದಾರಿಯಲ್ಲೇ ಬರುವುದೆಂದು ನಿರೀಕ್ಷಿಸಿ ಸುಲ್ತಾನನು ಆ ದಾರಿಯ ಮೇವನ್ನೆಲ್ಲ ಹಾಳುಮಾಡಿಸಿದ್ದನು. ಹ್ಯಾರಿಸನು ದಕ್ಷಿಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿಬಿಟ್ಟನು. ಹಾಳಾಗದ ಈ ಸೀಮೆಯಲ್ಲಿ ಅವನ ದಂಡಿಗೆ ಮೇವೂ ದನಕರುಗಳೂ ದೊರೆತವು. ಯುದ್ಧದ ಇತಿಹಾಸಕಾರರು ಇದನ್ನು ಸೇನಾಪತಿಯ ಜಾಣ್ಮೆಯೆಂದು ಹೊಗಳುತ್ತಾರೆ. ಜಾಣ್ಮೆಯೇ ಅಹುದು. ಆದರೆ ಆ ದನಗಳು ಯಾರವು? ಒಂದು ದಾರಿಯಲ್ಲಿ ತಮ್ಮ ದೊರೆಯೇ ಮೇವಿಗೆ ಬೆಂಕಿಯಿಡಿಸಿದನು; ಇನ್ನೊಂದು ದಾರಿಯಲ್ಲಿ ಶತ್ರುವು ಕೊಟ್ಟಿಗೆಯನ್ನು ಬರಿದುಮಾಡಿದನು. ಎರಡು ದಾರಿಗಳಲ್ಲಿಯೂ ಕಳೆದುಕೊಂಡವನು ರೈತನೇ. ಸೋಸಲೆಯ ಹೊಳೆಯ ದಂಡೆಯಲ್ಲಿ ಕೋಟೆಯಿಲ್ಲ, ಗುಂಬಜಿಲ್ಲ. ನೋಡುವುದಕ್ಕೆ ನೀರೂ ಮರಳೂ ಗದ್ದೆಯೂ ಮಾತ್ರ. ಆದರೂ ನಮ್ಮ ಮಟ್ಟಿಗೆ ಈ ದಿನದ ಪ್ರಯಾಣದಲ್ಲಿ ಅತ್ಯಂತ ಹೊತ್ತು ನಿಲ್ಲಬೇಕಾದ ಸ್ಥಳವು ಇದೇ.

ತಿರುಮಕೂಡಲಿನ ಸಂಗಮವನ್ನು ದಾಟಿ ಮುಂದೆ ಹೋದರೆ ಕೊಳ್ಳೇಗಾಲ. ಇಲ್ಲಿ ಕಾಣಬೇಕಾದ ಯುದ್ಧಸ್ಮಾರಕವು ಯಾವುದೆಂದು ಪ್ರಯಾಣಿಕನು ಕೇಳಬಹುದು. ಕೊಳ್ಳೇಗಾಲವೇ ಸ್ಮಾರಕ ಎಂದು ನಮ್ಮ ಉತ್ತರ. ಕೋಟೆಯು ಬಿದ್ದ ಏಳು ವಾರಗಳಿಗೆ, 1799ನೆಯ ಜೂನ್ 22ರಂದು, ಗೆದ್ದವರು ಮೈಸೂರನ್ನು ಹಂಚಿಕೊಂಡು ಒಪ್ಪಂದ ಬರೆದರು. ಮೈಸೂರಿನ ಒಡೆಯರ ಮನೆತನಕ್ಕೆ ನಡುವಣ ಭಾಗವು ಉಳಿಯಿತು; ಕೊಯಮತ್ತೂರು ಸೀಮೆಯು ಕುಂಪಣಿಗೆ ಹೋಯಿತು; ಅದರ ಜೊತೆಯಲ್ಲಿ ಘಟ್ಟದ ಮೇಲಿನ ಕೊಳ್ಳೇಗಾಲವೂ ಹೋಯಿತು. ಮೈಸೂರಿಗೆ ಸುಮಾರು 60 ಕಿಲೋಮೀಟರು ದೂರದಲ್ಲಿರುವ, ಮನೆಯಲ್ಲಿಯೂ ಸಂತೆಯಲ್ಲಿಯೂ ಕನ್ನಡವನ್ನಾಡುವ ಜನರು, ಘಟ್ಟವಿಳಿದು ಕೊಯಮತ್ತೂರಿನ ಜಿಲ್ಲಾಕಚೇರಿಗೆ ಅಹವಾಲು ಒಯ್ಯಬೇಕಾಯಿತು. ಕುಂಪಣಿಯು ಹೋಯಿತು, ಬ್ರಿಟಿಷ್ ಸಾಮ್ರಾಜ್ಯವು ಹೋಯಿತು, ಸ್ವಾತಂತ್ರ್ಯವು ಬಂದಿತು. ಆದರೂ ಆ ಗೆರೆಯು ಅಳಿಯಲಿಲ್ಲ. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಾತ್ರ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. 157 ವರ್ಷಗಳು! ಒಂದು ಮಧ್ಯಾಹ್ನದ ಲಗ್ಗೆಯು ಆರು ತಲೆಮಾರುಗಳ ಬಾಳನ್ನು ಹೀಗೆ ಬೇಲಿ ಹಾಕಿ ಬೇರ್ಪಡಿಸಿತ್ತು. ಸಮೀಪದ ಶಿವನಸಮುದ್ರದಲ್ಲಿ ಕಾವೇರಿಯು ಎರಡಾಗಿ ಧುಮುಕುವುದಷ್ಟೆ. ಗಗನಚುಕ್ಕಿಯನ್ನು ಮೈಸೂರಿನ ಕಡೆಯಿಂದಲೂ ಭರಚುಕ್ಕಿಯನ್ನು ಮದರಾಸು ಪ್ರಾಂತದ ಕಡೆಯಿಂದಲೂ ನೋಡುತ್ತಿದ್ದ ಕಾಲವನ್ನು ಕಂಡ ಹಿರಿಯರು ಈಗಲೂ ಅಲ್ಲಲ್ಲಿ ಇದ್ದಾರೆ.

ಈ ಊರಿನ ರೇಷ್ಮೆಗೂ ಯುದ್ಧಕ್ಕೂ ಇನ್ನೊಂದು ನಂಟುಂಟು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆಯ ಆಮದು ನಿಂತು, ವಿಮಾನದಿಂದ ಧುಮುಕುವ ಸೈನಿಕರ ಕೊಡೆಗಳಿಗಾಗಿ ಈ ದೇಶದ ರೇಷ್ಮೆಗೆ ಬೇಡಿಕೆ ಹುಟ್ಟಿತು. ಮದರಾಸು ಪ್ರಾಂತದ ಹಿಪ್ಪುನೇರಳೆಯ ಬೇಸಾಯಕ್ಕೆ ಕೊಳ್ಳೇಗಾಲವೇ ಮುಖ್ಯ ನೆಲೆಯಾಗಿತ್ತು. ಮಗ್ಗಗಳ ಬೀದಿಯಲ್ಲಿ ನಡೆಯುವವರು ಇದನ್ನೂ ನೆನೆಯಬಹುದು.

ಅಲ್ಲಿಂದ ಯಳಂದೂರಿಗೆ ಹದಿನೈದು ಕಿಲೋಮೀಟರಿನಷ್ಟು ದಾರಿ. ಆದರೆ 1799ರ ನಂತರ ಇದು ಒಂದು ಸರಕಾರದ ನೆಲದಿಂದ ಇನ್ನೊಂದು ಸರಕಾರದ ನೆಲಕ್ಕೆ ಹೋಗುವ ದಾರಿಯಾಗಿತ್ತು. ಕೊಳ್ಳೇಗಾಲವು ಕುಂಪಣಿಯದು, ಯಳಂದೂರು ಮೈಸೂರಿನದು. ಅದೂ ನೇರವಾಗಿ ದೊರೆಯದಲ್ಲ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಕೊಟ್ಟದ್ದು. ಹೈದರನಿಗೂ ಟಿಪ್ಪುವಿಗೂ ಮಂತ್ರಿಯಾಗಿದ್ದು, ಕೋಟೆಯು ಬಿದ್ದ ಮೇಲೆ ಬಾಲಕ ಕೃಷ್ಣರಾಜ ಒಡೆಯರ ಪರವಾಗಿ 1811ರವರೆಗೆ ರಾಜ್ಯವನ್ನು ನಡೆಸಿದ ಈ ಪುರುಷನನ್ನು ಕೆಲವರು ರಾಜ್ಯವನ್ನು ಉಳಿಸಿದವನೆಂದು ಕೊಂಡಾಡುತ್ತಾರೆ, ಕೆಲವರು ಗಾಳಿ ಬಂದ ಕಡೆ ತೂರಿಕೊಂಡವನೆಂದು ಹಳಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಆತುರದ ತೀರ್ಪು. ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ಅವರು 1804ರಲ್ಲಿ ಕಟ್ಟಿಸಿ, ಗೆದ್ದವರ ಮನೆತನದ ಹೆಸರಿಟ್ಟ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ಕಂಡವರು ಸಂಜೆ ಯಳಂದೂರಿನ ಜಹಗೀರುದಾರರ ಬಂಗಲೆಯ ಮುಂದೆ ನಿಂತು ತಾವೇ ಯೋಚಿಸಲಿ. ಈ ಮನೆತನದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಗಣಿಗಳಿಗೆ ಹರಿದದ್ದು ಅವರ ಕಾಲದಲ್ಲಿ, 1902ರಲ್ಲಿ. ಬೆಳಕಿರುವಾಗಲೇ ಬಳೆಮಂಟಪದ ಕಲ್ಲಿನ ಬಳೆಗಳ ಸರಪಳಿಯನ್ನು ನೋಡಿಬಿಡಬೇಕು. ಅದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ. ಅಲ್ಲಿಯವರೆಗೆ ಹೋಗಿ ಅದನ್ನು ಬಿಟ್ಟು ಬರುವುದು ಸರಿಯಲ್ಲ, ಅಷ್ಟೆ.

ಹನೂರನ್ನು ಇದೇ ದಿನಕ್ಕೆ ತುರುಕಬಾರದು. ಅದಕ್ಕೆ ಬೇರೆಯೇ ಒಂದು ದಿನ ಬೇಕು. ಹನೂರು, ಕೌದಳ್ಳಿಗಳನ್ನು ಹಾದು ಕಾವೇರಿಪುರಕ್ಕೆ ಇಳಿಯುವ ಕಣಿವೆಯು ಮೈಸೂರಿಗೂ ಕೆಳನಾಡಿಗೂ ನಡುವಣ ಹಳೆಯ ಬಾಗಿಲು. 1768ರಲ್ಲಿ ಹೈದರನ ದಂಡು ಘಟ್ಟವಿಳಿದು ಕುಂಪಣಿಯ ಠಾಣೆಗಳನ್ನು ಒಂದೊಂದಾಗಿ ಕಿತ್ತುಕೊಂಡಾಗ ಕಾವೇರಿಪುರವೂ ಕಾದಾಟವನ್ನು ಕಂಡಿತು. ಯುದ್ಧವು ಮುಗಿದ ಮರುವರ್ಷವೇ, 1800ರಲ್ಲಿ, ಗೆದ್ದ ನಾಡನ್ನು ಲೆಕ್ಕ ಹಾಕಿ ಬರುವುದಕ್ಕೆ ಗವರ್ನರ್ ಜನರಲನು ಕಳುಹಿಸಿದ ಬುಕಾನನ್ ಎಂಬ ವೈದ್ಯನು ಸತ್ತೇಗಾಲ, ಹನೂರು, ಕೌದಳ್ಳಿಗಳ ಮಾರ್ಗವಾಗಿ ಇದೇ ಕಣಿವೆಯನ್ನು ಇಳಿದು ಹೋದನು. ದಂಡಿನ ಹಿಂದೆ ಲೆಕ್ಕದ ಪುಸ್ತಕವು ಬರುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಇಂದು ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಲಕ್ಷಾಂತರ ಭಕ್ತರು ಈ ದಾರಿಯ ಬಹುಭಾಗವನ್ನು ಸವೆಸುತ್ತಾರೆ. ಕಾಡಿನ ದಾರಿಯಾದುದರಿಂದ ಕತ್ತಲೆಗೆ ಮುಂಚೆ ಮುಗಿಸುವುದು ವಿವೇಕ.

ಇಷ್ಟನ್ನೂ ಹೇಳಿದ ಮೇಲೆ ಸರಕಾರದ ಇಲಾಖೆಗಳಿಗೆ ಒಂದೆರಡು ಮಾತು. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹನೂರು ಈಗ ತಾನೇ ಒಂದು ತಾಲ್ಲೂಕು. ಆಡಳಿತದ ಗೆರೆಗಳನ್ನು ಮತ್ತೆ ಮತ್ತೆ ಎಳೆಯುವ ನಾವು ಮೊದಲ ಗೆರೆಯನ್ನು ಎಳೆದವರು ಯಾರು, ಏಕೆ ಎಳೆದರು ಎಂಬುದನ್ನು ಆ ನೆಲದ ಮಕ್ಕಳಿಗೆ ತಿಳಿಸುವ ಏರ್ಪಾಡನ್ನು ಮಾಡಬೇಡವೇ? ಮಳವಳ್ಳಿ, ಅರಕೆರೆ, ಸೋಸಲೆ, ಕೊಳ್ಳೇಗಾಲ, ಕೌದಳ್ಳಿ ಇವುಗಳಲ್ಲಿ ಎಲ್ಲೆಲ್ಲಿ ಇಲ್ಲವೋ ಅಲ್ಲೆಲ್ಲ, ನಡೆದ ಸಂಗತಿಯನ್ನು ತಿಥಿ ವರ್ಷಗಳೊಡನೆ ತಿಳಿಗನ್ನಡದಲ್ಲಿ ಬರೆಸಿದ ಕಲ್ಲೊಂದನ್ನು ನಿಲ್ಲಿಸಬೇಕು. ಸುಲ್ತಾನನನ್ನು ಹೊಗಳುವ ಅಥವಾ ತೆಗಳುವ ಮಾತು ಅದರಲ್ಲಿ ಬೇಡ. ಆ ವಾದವನ್ನು ನಡೆಸುವುದಕ್ಕೆ ಸಭೆಗಳೂ ಪತ್ರಿಕೆಗಳೂ ಸಾಕಷ್ಟಿವೆ. ಯಳಂದೂರಿನ ಬಂಗಲೆಯಲ್ಲಿ ಈ ಸೀಮೆಯ ವಿಭಜನೆಯ ಮತ್ತು ಏಕೀಕರಣದ ಕಥೆಯನ್ನು ನಕಾಶೆಗಳ ಮೂಲಕ ತೋರಿಸಬಹುದು. ಮೈಸೂರಿನಿಂದ ಭಾನುವಾರಕ್ಕೊಂದು ಬಸ್ಸು ಬೆಳಗ್ಗೆ ಹೊರಟು ಮೇಲೆ ಹೇಳಿದ ಸುತ್ತನ್ನು ಮುಗಿಸಿ ರಾತ್ರಿ ಹಿಂತಿರುಗುವಂತಾದರೆ ಸ್ವಂತ ವಾಹನವಿಲ್ಲದ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಅನುಕೂಲವಾದೀತು.

ಹಣವಿಲ್ಲ, ಸಾಧ್ಯವಿಲ್ಲ ಎಂಬ ಉತ್ತರವನ್ನು ನಾವು ಒಪ್ಪಲಾರೆವು. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಎರಡನೆಯ ರೈಲುದಾರಿಗೆ ಅಡ್ಡವಾಗಿದ್ದ ಹಳೆಯ ಮದ್ದಿನ ಮನೆಯನ್ನು, ಕೆಡವದೆ, ಇದ್ದಂತೆಯೇ ಬುಡಸಹಿತ ಎತ್ತಿ ಪಕ್ಕದ ಜಾಗಕ್ಕೆ ಸಾಗಿಸಿದರು. ಇಡಿಯ ಕಟ್ಟಡವೊಂದನ್ನು ಎತ್ತಿ ನಡೆಸಿದ ನಾಡಿಗೆ ಸೋಸಲೆಯ ಹೊಳೆಯ ದಂಡೆಯಲ್ಲಿ ಒಂದು ಕಲ್ಲನ್ನು ನೆಡುವುದು ಕಷ್ಟವಾಗಲಾರದು. ಬರುವ ಬೇಸಗೆಯಲ್ಲಿ ನೀರು ಇಳಿಯುವ ಹೊತ್ತಿಗೆ ಅದು ಅಲ್ಲಿರಲಿ.